ಹಿತ್ತಲಲ್ಲಿ ಕೆರೆ ಕಟ್ಟಿದ ಲೆಕ್ಕದಯ್ಯ

ಆಗ ನನಗೆ ಹದಿನೆಂಟು. ಅದಾಗಿ ಅರವತ್ತು ವರ್ಷದ ಮೇಲೆ ಆಗಿಹೋಗಿದೆ. ಮಹಾರಾಜರ ಸರ್ಕಾರ ಇದ್ದ ಕಾಲ. ರಾಮನಗರಕ್ಕೆ ಕ್ಲೋಸ್‌ಪೇಟೆ ಅನ್ನುತ್ತಿದ್ದರು, ಕನಕಪುರಕ್ಕೆ ಕಾನಕಾನಹಳ್ಳಿ ಅನ್ನುತ್ತಿದ್ದರು. ನಮ್ಮೂರಿಗೆ ಆಗಲೂ ಈಗಲೂ ಒಂದೇ ಹೆಸರು, ಅದನ್ನು ಕೇಳಿದವರು ಕಡಿಮೆ. ಬಿಡದಿಯಲ್ಲಿ ರೈಲು ಇಳಿದು, ಮಾಗಡಿ ಕಡೆಗೆ ಅರ್ಧ ದಿನ ಗಾಡಿಯಲ್ಲಿ ಕುಲುಕಿಕೊಂಡು ಬರಬೇಕಿತ್ತು.

ಹೋದ ತಿಂಗಳು ನಮ್ಮ ಕೆರೆಯ ಕೋಡಿ ರಿಪೇರಿಗೆ ಅಂತ ಮೂವರು ಬಂದಿದ್ದರು. ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗಲಿ ಎಂದು ಏರಿಯ ಪಕ್ಕದಲ್ಲಿ ಕಲ್ಲು ಕಟ್ಟಿ ಬಿಟ್ಟ ದಾರಿಯೇ ಕೋಡಿ. ಬೇರೆ ಊರಿನಲ್ಲಿ ಅದು ನೆಟ್ಟಗಿರುತ್ತದೆ. ನಮ್ಮದು ಮೊರದ ಅಂಚಿನ ಹಾಗೆ ಬಾಗಿದೆ. ಬಂದವರಲ್ಲಿ ಒಬ್ಬ ನನ್ನನ್ನು ಕೇಳಿದ, "ಏನಜ್ಜಿ, ಇದನ್ನ ಕಟ್ಟಿದ ಮೇಸ್ತ್ರಿ ಕುಡಿದಿದ್ನಾ?"

"ಮೇಸ್ತ್ರಿಯಲ್ಲ ಕಣಪ್ಪ, ಲೆಕ್ಕದಯ್ಯ ಬಗ್ಸಿದ್ದು. ಅವ್ರು ಮಜ್ಜಿಗೆ ಬುಟ್ಟು ಬ್ಯಾರೆ ಏನೂ ಕುಡೀತಿರ್ಲಿಲ್ಲ" ಅಂದೆ.

ಅವರಲ್ಲಿ ದೊಡ್ಡವನಿಗೆ ಗೊತ್ತಿತ್ತು. ಲೆಕ್ಕದಯ್ಯ ಆಮೇಲೆ ದೊಡ್ಡ ಇಂಜಿನಿಯರಾದರಂತೆ, ಮೈಸೂರಿನಲ್ಲಿ ತೀರಿಕೊಂಡು ಬಹಳ ಕಾಲವಾಯಿತಂತೆ. ಹೆಸರನ್ನೂ ಹೇಳಿದ. ನನಗೆ ಆ ಹೆಸರು ಅವರಿಗೆ ಹೊಂದಿದ ಹಾಗೆ ಕಾಣಲಿಲ್ಲ. ನಮಗೆ ಅವರು ಲೆಕ್ಕದಯ್ಯ. ಹಾಗೇ ಇರಲಿ.

ಅವರು ಬಂದದ್ದು ಒಂದು ಬೇಸಿಗೆಯ ಕೊನೆಯಲ್ಲಿ. ಆ ಬಿಸಿಲಿನಲ್ಲೂ ಕಪ್ಪು ಕೋಟು, ತಲೆಗೆ ಪೇಟ, ಕಂಕುಳಲ್ಲಿ ಕೊಡೆ, ಗಾಡಿಯಲ್ಲಿ ಒಂದು ಉದ್ದನೆ ಮರದ ಪೆಟ್ಟಿಗೆ. ಊರ ಚಾವಡಿಯ ಸೂರು ಗಾಳಿಗೆ ಹಾರಿಹೋಗಿತ್ತು. ಹಾಗಾಗಿ ನಮ್ಮ ಮನೆಯ ಜಗಲಿಗೆ ಬಂದು ಬಿದ್ದರು. ನನ್ನ ಗಂಡ ಗಾಡಿ ಹೊಡೆದುಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ಮಾವ ಇರಲಿಲ್ಲ. ಮನೆಯಲ್ಲಿ ಇದ್ದದ್ದು ನಾನು, ಕೂತಲ್ಲಿ ಕೂರದ ನನ್ನ ಅಂಬೆಗಾಲಿನ ಮಗಳು, ಮತ್ತು ನಮ್ಮತ್ತೆ. ಯಜಮಾನಿಕೆ ಎಲ್ಲ ಅತ್ತೆಯದು.

ಮೊದಲನೇ ದಿನವೇ ಅತ್ತೆ ವಿಚಾರಿಸಿದಳು, "ಕಂದಾಯ ಜಾಸ್ತಿ ಮಾಡಕ್ಕಾ ಬುದ್ದಿ ಬಂದಿರಾದು?"

"ಇಲ್ಲ ತಾಯಿ, ಕೆರೆ ಏರಿ ಎತ್ತರ ಮಾಡೋದಕ್ಕೆ."

"ಮಾಡಿ. ಅದ್ಕೆ ನಮ್ಮ ಕೊಟ್ಟಿಗೆ ಗ್ವಾಡೆ ಮ್ಯಾಲೆ ಯಾಕ್ ಗೀಚೀರಿ?"

ಗೀಚುವುದು ಅವರ ಉಸಿರಾಗಿತ್ತು. ಕೋಟಿನ ಜೇಬಿನ ತುಂಬ ಸೀಮೆಸುಣ್ಣ. ಗೋಡೆ, ಬಾಗಿಲು, ಒನಕೆ, ಒಂದು ಸಲ ನಮ್ಮ ಎಮ್ಮೆಯ ಬೆನ್ನಿನ ಮೇಲೂ ಏನೋ ಕೂಡಿಸಿದ್ದರು. ಎಮ್ಮೆ ಹೊರಳಾಡಿ ಅಳಿಸಿಕೊಂಡಿತು. ಅವರ ಕೈಯಲ್ಲಿ ಒಂದು ಮರದ ಪಟ್ಟಿ ಇರುತ್ತಿತ್ತು, ಅದರೊಳಗೆ ಇನ್ನೊಂದು ಪಟ್ಟಿ ಜಾರುತ್ತಿತ್ತು. ಅದನ್ನು ಆಕಡೆ ಈಕಡೆ ಜಾರಿಸಿ ಕಣ್ಣು ಕಿರಿದು ಮಾಡಿ ನೋಡಿದರೆ ಲೆಕ್ಕ ತಾನಾಗಿ ಬರುತ್ತಿತ್ತಂತೆ. ಹಬ್ಬಕ್ಕೆ ಮುಂಚೆ ನಾನು ಕೊಟ್ಟಿಗೆಯ ಗೋಡೆಗೆ ಸಗಣಿ ಬಳಿದೆ. ಬಳಿದ ಮೇಲೆ ನೆನಪಾಯಿತು, ಅವರ ಐದು ದಿನದ ಲೆಕ್ಕ ಅದರಲ್ಲಿ ಹೋಯಿತು. ಬೈಯುತ್ತಾರೆ ಅಂದುಕೊಂಡೆ. ಅವರು ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತರು, ಒಣಗುವ ತನಕ ಕಾದು ಮೊದಲಿನಿಂದ ಬರೆದರು. ಮಧ್ಯಾಹ್ನ ನನ್ನನ್ನು ಕರೆದು, "ಒಳ್ಳೇದು ಮಾಡಿದೆಯಮ್ಮ. ಹಳೇದರಲ್ಲಿ ಒಂದು ತಪ್ಪಿತ್ತು" ಅಂದರು. ಸಗಣಿಗೆ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಆಮೇಲೆ ನೋಡಲಿಲ್ಲ.

ಮುದ್ದೆಯ ಲೆಕ್ಕವನ್ನಂತೂ ಊರಿನವರೆಲ್ಲ ಹೇಳಿಕೊಂಡು ನಕ್ಕಿದ್ದರು. ಪಟ್ಟಣದವರು, ಬಿಸಿ ಮುದ್ದೆ ಮುರಿಯಲು ಬಾರದು. ಒಂದು ದಿನ ತಟ್ಟೆಯ ಮುಂದೆ ಕೂತು, ಮುದ್ದೆಗೆ ಬೆರಳು ಅಡ್ಡ ಹಿಡಿದು ಗಾತ್ರ ನೋಡಿ, ಪಟ್ಟಿ ಜಾರಿಸಿ, ಗಡಿಯಾರ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹೊತ್ತಾದ ಮೇಲೆ ಧೈರ್ಯವಾಗಿ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು.

"ಯಾಕ್ ಬುದ್ದಿ, ಸುಡ್ತಾ?" ಅಂದಳು ಅತ್ತೆ.

"ಲೆಕ್ಕದ ಪ್ರಕಾರ ಆರಿರಬೇಕಿತ್ತು."

"ಮುದ್ದೇಗೆ ಒಸಿ ಹೇಳ್ಬುಟ್ಟು ತಿನ್ನಬೇಕಾಗಿತ್ತು."

ಅವರು ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಮುದ್ದೆಯನ್ನು ಎತ್ತಿ ಅದರ ಕೆಳಗೆ ನೋಡಿದರು. "ಎಲ್ಲಾ ಕಡೆಯಿಂದ ಗಾಳಿ ಆಡುತ್ತೆ ಅಂತ ಹಿಡಿದಿದ್ದೆ. ಕೆಳಗೆ ಬಿಸಿ ಸಾರು ಇದೆಯಲ್ಲ, ಅದನ್ನ ಬಿಟ್ಟಿದ್ದೆ. ತಪ್ಪು ಮುದ್ದೇದಲ್ಲ ತಾಯಿ" ಅಂದರು. ತಪ್ಪು ಸಿಕ್ಕಿದರೆ ಸಾಕು, ಕಳೆದುಹೋದ ಕರು ಸಿಕ್ಕಿದವರ ಹಾಗೆ ಮುಖ ಅರಳುತ್ತಿತ್ತು. ನಾಲಿಗೆ ಸುಟ್ಟಿದ್ದು ನೆನಪಿಲ್ಲ.

ಕೆರೆಯ ವಿಚಾರ ಹೀಗಿತ್ತು. ಏರಿಯನ್ನು ಒಂದಾಳು ಎತ್ತರಿಸಿದರೆ ನೀರು ಜಾಸ್ತಿ ನಿಲ್ಲುತ್ತದೆ, ಊರಿಗೆ ಒಳ್ಳೆಯದು. ಆದರೆ ದೊಡ್ಡ ಮಳೆ ಬಂದ ದಿನ ಹಳೇ ಕೋಡಿಯಿಂದ ಅಷ್ಟು ನೀರು ಹೊರಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಏರಿಯ ಮೇಲೆಯೇ ನಾಲ್ಕು ಬೆರಳು ನೀರು ಹರಿಯುತ್ತದೆ. ಇಷ್ಟು ಗೋಡೆಯ ಮೇಲಿನ ಲೆಕ್ಕದಿಂದಲೇ ತಿಳಿದಿತ್ತು. ಆ ನಾಲ್ಕು ಬೆರಳಿನ ನೀರಿಗೆ ಮಣ್ಣಿನ ಏರಿ ತಡೆಯುತ್ತದೋ, ಕರಗಿಹೋಗುತ್ತದೋ, ಅದು ಮಾತ್ರ ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ. ಏರಿಯ ಕೆಳಗೆ ಕೆಳಗಲ ಕೇರಿ ಇತ್ತು, ಮನೆ ಮಠ ಮಕ್ಕಳು ಮರಿ. ಏರಿ ತಡೆಯದು ಅಂದರೆ ಕೋಡಿಯನ್ನು ಅಗಲ ಮಾಡಬೇಕು. ಕೋಡಿಯ ಒಂದು ಮಗ್ಗುಲಿಗೆ ಬಂಡೆ, ಆನೆ ಹಿಂಡು ಮಲಗಿದ ಹಾಗೆ. ಇನ್ನೊಂದು ಮಗ್ಗುಲಿಗೆ ನಮ್ಮ ಗದ್ದೆ. ನಮಗೆ ಇದ್ದ ನೀರಾವರಿ ಅದೊಂದೇ.

ಅಂದರೆ ಏರಿ ತಡೆಯುತ್ತದೆ ಅಂತ ಬಂದರೆ ಗದ್ದೆ ಉಳಿಯಿತು, ಇಲ್ಲ ಅಂತ ಬಂದರೆ ಹೋಯಿತು. ಅದು ತಿಳಿದ ದಿನದಿಂದ ನಮ್ಮತ್ತೆ ಅವರಿಗೆ ಮಜ್ಜಿಗೆ ನಿಲ್ಲಿಸಿ ಗಟ್ಟಿ ಮೊಸರು ಹಾಕಲು ಶುರುಮಾಡಿದಳು.

"ದೊಡ್ಡದು ತಿಳೀದಿದ್ದರೆ ಚಿಕ್ಕದು ಮಾಡಿ ಕೇಳಬೇಕು" ಅನ್ನುವುದು ಅವರ ಮಾತು. ನಮ್ಮ ಹಿತ್ತಲಲ್ಲಿ ಚಪ್ಪರ ಹಾಕಿಸಿ, ಅದರ ಕೆಳಗೆ ನಮ್ಮೂರ ಕೆರೆಯನ್ನೇ ಚಿಕ್ಕದಾಗಿ ಕಟ್ಟಿದರು. ಅಲ್ಲಿ ಐವತ್ತು ಮಾರು ಇದ್ದದ್ದು ಇಲ್ಲಿ ಒಂದು ಮಾರು. ದಿಣ್ಣೆ, ಹಳ್ಳ, ಬಂಡೆ, ಕೋಡಿ, ಎಲ್ಲ ಇತ್ತು. ನಮ್ಮ ಗದ್ದೆಯ ಜಾಗದಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಡ್ಡಿ ನೆಟ್ಟರು. ನನ್ನ ಮಗಳು ಅಂಬೆಗಾಲಿಟ್ಟುಕೊಂಡು ಹೋಗಿ ಏರಿಯ ಮೇಲೆ ಕೂತಳು, ಏರಿ ಕುಸಿಯಿತು. ನಾನು ಅವಳನ್ನು ಎತ್ತಿಕೊಂಡು ಬೈದರೆ ಅವರು, "ಬೈಬೇಡಮ್ಮ. ಈ ಅಳತೆಗೆ ಅವಳು ಸಾವನದುರ್ಗದಂತೆ. ಬೆಟ್ಟ ಬಂದು ಕೂತರೆ ಯಾವ ಏರಿ ತಡೆಯುತ್ತೆ?" ಅಂದರು. ಅಂದಿನಿಂದ ಊರಿನವರು ಅವಳನ್ನು ದುರ್ಗ ಎಂದೇ ಕರೆದರು. ಮದುವೆಯಲ್ಲೂ ಆ ಹೆಸರು ಬಿಡಲಿಲ್ಲ.

ನೀರು ಹುಯ್ಯುವ ಕೆಲಸ ನನ್ನದು. ಅವರು ಗಡಿಯಾರ ಹಿಡಿದು ಹೂಂ ಅಂದಾಗ ಬಿಂದಿಗೆ ಬಗ್ಗಿಸಬೇಕು, ಸಾಕು ಅಂದಾಗ ಎತ್ತಬೇಕು. ಒಂದು ಗಂಟೆಯ ಮಳೆ ಇಲ್ಲಿ ಒಂಬತ್ತು ನಿಮಿಷದೊಳಗೆ ಮುಗಿಯಬೇಕು ಅಂದರು. ನನಗೆ ಸರಿಕಾಣಲಿಲ್ಲ.

"ಎಲ್ಲಾನೂವೆ ಐವತ್ತರಲ್ಲಿ ಒಂದು ಮಾಡ್ಬುಟ್ಟು, ಹೊತ್ತು ಮಾತ್ರ ಯಾಕ್ ಬುದ್ದಿ ಅಷ್ಟು ಉದ್ದ?"

ಅವರು ಗಡಿಯಾರ ಕೆಳಗಿಟ್ಟರು. ಪೇಟ ತೆಗೆದು ನನ್ನ ಕೈಗೆ ಕೊಟ್ಟು, ಕೋಟು ಸಮೇತ ಹಿತ್ತಲ ಹುಣಸೆ ಮರ ಹತ್ತಿದರು. ಮೇಲಿನ ಕೊಂಬೆಯಿಂದ ಒಂದು ಕಲ್ಲು ಬಿಟ್ಟರು. ಇಳಿದು ಬಂದು ಮೊಣಕಾಲಿನ ಎತ್ತರದಿಂದ ಇನ್ನೊಂದು ಬಿಟ್ಟರು. "ನೋಡಿದೆಯಾ? ಎತ್ತರ ಎಷ್ಟೋ ಪಾಲು ಕಡಿಮೆ ಆಯಿತು. ಬೀಳೋ ಹೊತ್ತು ಅಷ್ಟು ಪಾಲು ಕಡಿಮೆ ಆಗಲಿಲ್ಲ. ನೀರು ಬೀಳೋದೂ ಹಾಗೇ. ಚಿಕ್ಕದು ಮಾಡುವಾಗ ಒಂದೊಂದನ್ನೂ ಅದಕ್ಕೆ ತಕ್ಕ ಹಾಗೆ ಚಿಕ್ಕದು ಮಾಡಬೇಕು, ಇಲ್ಲದಿದ್ದರೆ ಅದು ಕೆರೆ ಅಲ್ಲ, ಗೊಂಬೆ." ಬೇಲಿಯಾಚೆಯಿಂದ ನೋಡುತ್ತಿದ್ದ ಹೆಂಗಸರು ಮಾತ್ರ, ಲೆಕ್ಕದಯ್ಯನಿಗೆ ಮಂಗ ಮೆಟ್ಟಿಕೊಂಡಿದೆ ಅಂತ ಸುದ್ದಿ ಮಾಡಿದರು.

ಮಣ್ಣಿನದೇ ದೊಡ್ಡ ತಲೆನೋವಾಯಿತು. ಕೆರೆಯ ಮಣ್ಣನ್ನೇ ತಂದು ಕಟ್ಟಿದರೆ ಚಿಕ್ಕ ಏರಿ ಇಟ್ಟಿಗೆಯ ಹಾಗೆ ಅಂಟಿ ಕೂತಿತು. ದೊಡ್ಡದರಲ್ಲಿ ಹಾಗಾಗುವುದಿಲ್ಲ ಅಂದರು. ಮರಳು ಹಾಕಿದರೆ ಭಾರ. ಚನ್ನಪಟ್ಟಣದ ಬೊಂಬೆ ಕಡೆಯುವವರಿಂದ ಮರದ ಪುಡಿ ತರಿಸಿದರು, ಅದು ತೇಲಿಹೋಯಿತು. ಕೊನೆಗೆ ಒಂದು ಬೆಳಗ್ಗೆ ನಾನು ರಾಗಿ ಕೇರುತ್ತಿದ್ದಾಗ ಬಂದು, ಮೊರದಿಂದ ಒಂದು ಹಿಡಿ ತೆಗೆದು ಬೆರಳ ಸಂದಿಯಿಂದ ಉದುರಿಸಿ ಉದುರಿಸಿ ನೋಡಿದರು. "ಎಲ್ಲಾ ಒಂದೇ ಗಾತ್ರ. ಹಗುರ. ಅಂಟೋದಿಲ್ಲ. ಜರಡಿ ಹಿಡಿದ ಹಾಗಿದೆಯಲ್ಲ ತಾಯಿ ಇದು."

"ಉಣ್ಣೋ ಕಾಳು ಅದು" ಅಂದಳು ಅತ್ತೆ.

"ಕೆರೆಗೆ ಬೇಕು."

ಗದ್ದೆಯ ವಿಚಾರವಲ್ಲದಿದ್ದರೆ ಅತ್ತೆ ಕೊಡುತ್ತಿರಲಿಲ್ಲ. ರಾಗಿಗೆ ಒಂದು ಪಾಲು ನುಣ್ಣನೆ ಮಣ್ಣು ಬೆರೆಸಿ ಹೊಸ ಏರಿ ಕಟ್ಟಿದರು, ಮೇಲೆ ತೆಳ್ಳಗೆ ಮಣ್ಣು ಸವರಿದರು. ಅಷ್ಟರಲ್ಲಿ ಕಚೇರಿಯಿಂದ ಕರೆ ಬಂತು. "ಏರಿ ಒಣಗಿ ಬಿರುಕು ಬಿಡಬಾರದಮ್ಮ. ಒದ್ದೆ ಗೋಣಿ ಹೊದಿಸಿ ಇಡು, ದಿನಕ್ಕೆರಡು ಸಲ ನೀರು ಚಿಮುಕಿಸು" ಅಂತ ಹೇಳಿ ಬೆಂಗಳೂರಿಗೆ ಹೋದರು. ನಾಲ್ಕು ದಿನ ನಾನು ಹಾಗೇ ಮಾಡಿದೆ.

ಇಲ್ಲಿ ಓದುವವರು ನಗಬೇಕು, ನಗಿ. ಮಗಳಿಗೆ ಸರಿ ಹಿಟ್ಟು ಮಾಡಲು ನಾನು ವಾರ ವಾರ ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದೆ. ಆ ನಾಲ್ಕು ದಿನದಲ್ಲೂ ಅಡುಗೆಮನೆಯಲ್ಲಿ ಒಂದು ಗಂಟು ನೇತಾಡುತ್ತಿತ್ತು. ಅತ್ತೆ ಹುಟ್ಟಿದಾಗಿನಿಂದ ರಾಗಿ ಬೆಳೆದವಳು. ಊರಿಗೆ ಊರೇ ರಾಗಿಯದು. ಆದರೂ ಒಬ್ಬರಿಗೂ ಹೊಳೆಯಲಿಲ್ಲ. ಅಡುಗೆಮನೆಯಲ್ಲಿದ್ದರೆ ರಾಗಿ, ಹಿತ್ತಲಿಗೆ ಹೋದ ಮೇಲೆ ಅದು ಏರಿ. ಅದರಲ್ಲೂ ಅದು ಗಟ್ಟಿ ನಿಲ್ಲಲಿ ಅಂತ ಎಲ್ಲರೂ ಕಾಯುತ್ತಿದ್ದವರು.

ಅವರು ವಾಪಸು ಬಂದ ಮಾರನೆಯ ದಿನ ಪರೀಕ್ಷೆ. ಗೋಣಿ ತೆಗೆದರೆ ಮೇಲಿನ ಮಣ್ಣಿನಲ್ಲಿ ಕೂದಲೆಳೆ ಬಿರುಕು ಕಂಡವು. ಅವರು ಹೊಸ ಮಣ್ಣು ಕಲಸಿ ಸವರಿ ಮುಚ್ಚಿದರು. ನಾನು ಹುಯ್ದೆ. ಕೆರೆ ತುಂಬಿತು, ಕೋಡಿ ಹರಿಯಿತು, ಏರಿಯ ಮೇಲೂ ನೀರು ಹತ್ತಿ ಇಳಿಯಿತು. ಏರಿ ಅಲುಗಲಿಲ್ಲ. ಇನ್ನೊಂದು ಸಲ ಹುಯ್ಯಲು ಹೇಳಿದರು. ಅಲುಗಲಿಲ್ಲ. ಬೇಲಿಯ ಸುತ್ತ ಊರೇ ನಿಂತಿತ್ತು. ಅವರು ಗಡಿಯಾರ ಮುಚ್ಚಿ, "ತಡೆಯಿತು. ನಿಮ್ಮ ಗದ್ದೆ ಉಳೀತು ತಾಯಿ. ನಾಳೆ ಬರೆದು ಕಳಿಸ್ತೀನಿ" ಅಂದರು.

ಅತ್ತೆ ಆವತ್ತು ಮಧ್ಯಾಹ್ನ ಒಬ್ಬಟ್ಟು ಮಾಡಿದಳು. ಅಂಥ ಜಿಪುಣಿ ಕೈಬಿಟ್ಟು ತುಪ್ಪ ಹಾಕಿದ್ದು ನಾನು ಆಗ ನೋಡಿದ್ದೇ ಮೊದಲು, ಅದೇ ಕೊನೆ. ಅವರೂ ಲೆಕ್ಕವಿಲ್ಲದೆ ತಿಂದರು.

ಸಂಜೆ, ಮೇಲಿನವರಿಗೆ ತೋರಿಸಲು ಏರಿಯ ಒಂದು ತುಂಡು ಕತ್ತರಿಸಿಕೊಳ್ಳುತ್ತೇನೆ ಅಂತ ಕುಡುಗೋಲು ಕೇಳಿ ಇಸಿದುಕೊಂಡು ಹೋದರು. ನಾನು ಎಮ್ಮೆ ಕಟ್ಟುತ್ತಿದ್ದೆ. ಅವರು ತುಂಡು ಎತ್ತಿದರೆ ಅದರ ಹಿಂದೆ ಅರ್ಧ ಏರಿಯೇ ಚಾಪೆಯ ಹಾಗೆ ಎದ್ದು ಬಂತು. ಕೆಳಗೆಲ್ಲ ಬಿಳಿ ಬೇರು, ಒಂದಕ್ಕೊಂದು ಹೆಣೆದುಕೊಂಡು. ಅವರು ಮೊದಲು ಜೋರಾಗಿ ನಕ್ಕರು. ನಗುತ್ತಾ ನಗುತ್ತಾ ನಗು ನಿಂತುಬಿಟ್ಟಿತು. ಆ ಚಾಪೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟರು.

ಅತ್ತೆ ಬಂದು ನೋಡಿದಳು. ಅವಳಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

"ಬೇರು ಹಿಡ್ಕಂಡ್ರೆ ಏನಾಯ್ತು ಬುದ್ದಿ? ದೊಡ್ಡೇರಿ ಮ್ಯಾಲೂ ರಾಗಿ ಬಿತ್ಬುಟ್ರೆ ಆಯ್ತಪ್ಪ."

ಅವರು ಅದನ್ನೂ ತಮಾಷೆ ಅಂತ ಬಿಡಲಿಲ್ಲ. ಪಟ್ಟಿ ತೆಗೆದು ಜಾರಿಸಿದರು. "ಬೇರು ಬಾವಿ ಹಗ್ಗದಷ್ಟು ದಪ್ಪ ಇರಬೇಕು ತಾಯಿ. ಒಂದೊಂದು ಕಾಳು ದೊಡ್ಡ ನಿಂಬೆಹಣ್ಣಿನಷ್ಟು."

"ಅಂಥ ರಾಗಿ ಇದ್ದಿದ್ರೆ ಈ ಗದ್ದೆ ಯಾವೋನಿಗೆ ಬೇಕಾಗಿತ್ತು? ಒಂದು ಕಾಳಿಗೆ ಒಂದು ಮುದ್ದೆ." ಆಮೇಲೆ ಅತ್ತೆ ದನಿ ಇಳಿಸಿದಳು. "ನೋಡಿ ಬುದ್ದಿ. ನೀವು ಹುಯ್ಸಿದ್ರಿ, ಅದು ತಡೀತು. ಊರೇ ನೋಡೈತೆ. ಅಷ್ಟು ಬರೀರಿ ಸಾಕು. ಬೇರಿನ ಮಾತು ಈ ಹಿತ್ಲಲ್ಲೇ ಇರ್ಲಿ."

ಅವರು ಚಾಪೆಯನ್ನು ಮಡಿಲಿನಿಂದ ಎತ್ತಿ ಪಕ್ಕಕ್ಕಿಟ್ಟರು. ಹೊಟ್ಟೆಯಲ್ಲಿ ನಮ್ಮ ಒಬ್ಬಟ್ಟು ಬೇರೆ ಇತ್ತು.

"ನಾನು ಸುಮ್ಮನಿರಬಹುದು ತಾಯಿ. ನೀವೂ ಸುಮ್ಮನಿರ್ತೀರಿ. ಮಳೆಗೆ ಯಾರು ಹೇಳೋರು?"

ಅತ್ತೆ ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೆ ಮತ್ತೆ ಮಜ್ಜಿಗೆ ಬಂತು, ನೀರು ಮಜ್ಜಿಗೆ.

ಮತ್ತೆ ಕಟ್ಟಬೇಕು, ಈ ಸಲ ಮೊಳೆಯದ ರಾಗಿಯಲ್ಲಿ. ಅಂದರೆ ಹುರಿದ ರಾಗಿ. ಬೆಳಗಿನಿಂದ ನಾನು ಒಲೆಯ ಮುಂದೆ. ಬೆಂಕಿ ಜೋರಾದರೆ ರಾಗಿ ಪಟಪಟ ಅಂತ ಅರಳುತ್ತದೆ, ಅರಳಿದ್ದು ಅವರಿಗೆ ಬೇಡ. "ಸಾಯಬೇಕು, ಆದರೆ ದಪ್ಪ ಆಗಬಾರದು" ಅನ್ನುತ್ತಾ ಪಕ್ಕದಲ್ಲೇ ಕೂತಿದ್ದರು. ಅರಳಿದ್ದನ್ನೆಲ್ಲ ಬೆಲ್ಲ ಸೇರಿಸಿ ದುರ್ಗವೂ ಅವರೂ ತಿಂದು ಮುಗಿಸಿದರು.

ಏರಿ ಎದ್ದಿತು. ನಾನು ಬಿಂದಿಗೆ ಎತ್ತಿಕೊಂಡರೆ ಅತ್ತೆ ಬಂದು ಕಿತ್ತುಕೊಂಡಳು. "ನಾನ್ ಉಯ್ತೀನಿ. ಆಮ್ಯಾಕೆ ಅವಳು ಜಾಸ್ತಿ ಉಯ್ದಳು, ಕಮ್ಮಿ ಉಯ್ದಳು ಅನ್ನಾದು ಬ್ಯಾಡ" ಅಂದಳು. ಅವರು ಹೂಂ ಅಂದಾಗ ಹುಯ್ದಳು, ಸಾಕು ಅಂದಾಗ ನಿಲ್ಲಿಸಿದಳು. ಏರಿಯ ಮೇಲೆ ನೀರು ಹತ್ತಿತು. ಒಂದು ಕಡೆ ಬೆರಳಿನಷ್ಟು ಗೀರು ಬಿತ್ತು, ಗೀರು ಕೈಯಗಲ ಆಯಿತು, ಆಮೇಲೆ ಏರಿ ಇರಲಿಲ್ಲ. ಕೆಳಗಲ ಕೇರಿ ಇರಬೇಕಾದ ಜಾಗದಲ್ಲಿ ರಾಗಿಯೂ ಕೆಸರೂ ಹರಡಿಕೊಂಡಿತು.

ಬೇಲಿಯ ಹತ್ತಿರ ನಿಂತಿದ್ದ ಕೆಳಗಲ ಕೇರಿಯವರು ಮಕ್ಕಳನ್ನು ಎತ್ತಿಕೊಂಡರು. ಅತ್ತೆ ಬಿಂದಿಗೆ ಕೆಳಗಿಟ್ಟು, "ಎಷ್ಟು ಬೇಕು?" ಅಂದಳು. ಗದ್ದೆ ಎಷ್ಟು ಹೋಗಬೇಕು ಅಂತ ಕೇಳಿದ್ದು.

ನೆಟ್ಟಗೆ ಅಗಲ ಮಾಡಿದರೆ ಗದ್ದೆ ಪೂರ್ತಿ ಬೇಕಿತ್ತು. ಅವರು ಹಾಗಂತ ಬರೆದು ಹೋಗಬಹುದಿತ್ತು, ಕಚೇರಿಯಿಂದ ಬೇಗ ಮುಗಿಸಿ ಅಂತ ಹೇಳಿಕಳಿಸುತ್ತಲೇ ಇದ್ದರು. ಹೋಗಲಿಲ್ಲ. ಇನ್ನೂ ಹದಿನೈದು ಇಪ್ಪತ್ತು ದಿನ ಹಿತ್ತಲಲ್ಲೇ ಕುಕ್ಕರಗಾಲಲ್ಲಿ ಕೂತು, ಕೋಡಿಯನ್ನು ಕೆಡವಿ ಕಟ್ಟಿ, ಓರೆ ಮಾಡಿ, ಬಗ್ಗಿಸಿ, ಒಂದೊಂದಕ್ಕೂ ನನ್ನಿಂದ ನೀರು ಹುಯ್ಯಿಸಿದರು. ನನ್ನ ಸೊಂಟ ಬಿದ್ದುಹೋಯಿತು. ಕೊನೆಗೆ ಮೊರದಂಚಿನ ಹಾಗೆ ಬಾಗಿಸಿದರೆ ಕಡಿಮೆ ಜಾಗದಲ್ಲೇ ಅಂಚು ಉದ್ದವಾಗಿ, ಅಷ್ಟೇ ನೀರು ಹರಿಯಿತು. ಅದರಿಂದ ನಮಗೆ ಗದ್ದೆ ಬದುವಿನ ಹೊಂಗೆ ಮರದ ಪಕ್ಕದ ಎರಡು ಮಡಿ ಉಳಿದವು. ಎರಡೇ ಮಡಿ. ಹೋದದ್ದಕ್ಕೆ ಬದಲಾಗಿ ಸರ್ಕಾರ ಬಂಡೆಯ ಮಗ್ಗುಲಲ್ಲಿ ಹೊಲ ಕೊಟ್ಟಿತು. ಅದರಲ್ಲಿ ಕಲ್ಲು ಬಿಟ್ಟು ಏನೂ ಬೆಳೆಯಲಿಲ್ಲ.

ಅವರು ಬರೆದುಕೊಟ್ಟ ಹಾಗೆ ಏರಿಯೂ ಕೋಡಿಯೂ ಎದ್ದು ಎರಡು ವರ್ಷದ ಮೇಲೆ ಅಂಥ ಮಳೆ ಬಂತು. ಕೋಡಿಯ ಸದ್ದು ಊರಾಚೆಗೆ ಕೇಳಿಸಿತು. ಏರಿಗೆ ಏನೂ ಆಗಲಿಲ್ಲ. "ಅಗಲ ಮಾಡ್ದಿದ್ರೂ ನಿಲ್ತಿತ್ತೇನೋ, ಯಾವೋನಿಗೆ ಗೊತ್ತು" ಅಂತ ಅತ್ತೆ ಸಾಯುವ ತನಕ ಗೊಣಗಿದಳು. ಅವಳು ಹೇಳುವುದೂ ಸರಿಯೇ. ಗೊತ್ತು ಮಾಡಿಕೊಳ್ಳಬೇಕಾದರೆ ಕೆಳಗಲ ಕೇರಿಯನ್ನು ಪಣಕ್ಕೆ ಇಡಬೇಕಿತ್ತು. ಲೆಕ್ಕದಯ್ಯ ಹಿತ್ತಲಲ್ಲಿ ಒಂದಿಷ್ಟು ರಾಗಿಯನ್ನು ಇಟ್ಟು ನೋಡಿದರು.

ಅವರು ಹೊರಟದ್ದು ಏರಿಯ ಕೆಲಸ ಶುರುವಾಗುವ ಮುಂಚೆಯೇ, ಗದ್ದೆಗೆ ಗಡಿಕಲ್ಲು ನೆಡಿಸಿದ ದಿನ. ಗಾಡಿಗೆ ಪೆಟ್ಟಿಗೆ ಏರಿಸಿ ಜಗಲಿಯ ಮುಂದೆ ಬಂದು ನಿಂತರು. ಕೈಯಲ್ಲಿ ಕೊಡೆಯನ್ನು ತಿರುಗಿಸುತ್ತಾ, "ನಿಮ್ಮ ಗದ್ದೆ ತಿಂದುಬಿಟ್ಟೆ ತಾಯಿ" ಅಂದರು.

"ಬರೀ ಗದ್ದೆಯಾ? ಒಬ್ಬಟ್ಟೂ ತಿಂದ್ರಿ" ಅಂದಳು ಅತ್ತೆ.

ಗಾಡಿ ತಿರುವು ದಾಟುವ ತನಕ ಅವರ ನಗು ಕೇಳಿಸುತ್ತಿತ್ತು. ಆಮೇಲೆ ಅವರು ನಮ್ಮೂರಿಗೆ ಬರಲಿಲ್ಲ.

ಮಾರನೇ ದಿನ ಬೆಳಗ್ಗೆ ನಾನು ಹಿತ್ತಲಿಗೆ ಹೋದೆ. ಅವರು ಕಿತ್ತೆಸೆದಿದ್ದ ಮೊಳಕೆಯ ಏರಿ ತಿಪ್ಪೆಯ ಪಕ್ಕದಲ್ಲಿ ಬಿದ್ದಿತ್ತು. ಚಪ್ಪರದ ನೀರು ತೊಟ್ಟಿಕ್ಕಿ ರಾಗಿ ಗೇಣುದ್ದ ಬೆಳೆದು ಹಸಿರಾಗಿತ್ತು. ಒಳ್ಳೇ ಪೈರು. ಎಳೆ ಎಳೆಯಾಗಿ ಬಿಡಿಸಿ ಕುಕ್ಕೆಗೆ ತುಂಬಿಕೊಂಡು ಹೊಂಗೆ ಮರದ ಪಕ್ಕದ ಎರಡು ಮಡಿಗೆ ಹೋಗಿ ನಾಟಿ ಹಾಕಲು ಕೂತೆ. ಸ್ವಲ್ಪ ಹೊತ್ತಿಗೆ ಹಿಂದೆ ಸದ್ದಾಯಿತು. ಅತ್ತೆ, ಸೊಂಟದಲ್ಲಿ ಬಿಂದಿಗೆ.

"ಎಷ್ಟು ಉಯ್ಯಾದು?" ಅಂದಳು.

"ಲೆಕ್ಕ ಬ್ಯಾಡ ಕಣತ್ತೆ, ಉಯ್ತಾ ಇರು" ಅಂದೆ.

ಅವಳು ಹುಯ್ಯುತ್ತಾ ಬಂದಳು, ನಾನು ನೆಡುತ್ತಾ ಹೋದೆ.